ಲಡ್ಡುವಿನೊಳಗೆ ಏನಿದೆ?

ಹುಣಸೆ ತೋಪಿಗೆ ಹೆಸರಾದ ನಲ್ಲೂರಿನ ಮಕ್ಕಳಿಗೆ ಇಬ್ಬರು ಭೀಮರು ಗೊತ್ತು. ಒಬ್ಬ ಕೇಸರಿ ಪಂಚೆ ಉಟ್ಟು ಟೀವಿಯಲ್ಲಿ ಲಡ್ಡು ತಿನ್ನುವ ಒಂಬತ್ತು ವರ್ಷದ ಹುಡುಗ, ಛೋಟಾ ಭೀಮ. ಇನ್ನೊಬ್ಬ ಕೈವಾರದವನು. ಹತ್ತಿರದ ವಿಜಯಪುರ ದಾಟಿ ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋದರೆ, ಅದೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂದು ಊರಿನವರು ಹೇಳುತ್ತಾರೆ, ಭೀಮಲಿಂಗೇಶ್ವರನ ಗುಡಿ ತೋರಿಸುತ್ತಾರೆ. ಏಕಚಕ್ರ ತಮ್ಮದೆನ್ನುವವರು ಬಂಗಾಳದ ಬೀರಭೂಮ್ ಜಿಲ್ಲೆಯಲ್ಲೂ ಇದ್ದಾರೆ, ಬಿಹಾರದ ಆರಾ ಪಟ್ಟಣದಲ್ಲೂ ಇದ್ದಾರೆ. ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಂತೂ ಹಿಡಿಂಬನ ಹಲ್ಲು, ಭೀಮನ ಭೇರಿ ಎಂದು ಕರೆಯುವ ವಸ್ತುಗಳೇ ಇವೆ.

ಸಿಕ್ಕ ಒಂದು ಕುರುಹು ಹಿಡಿದು ಕಥೆಯ ಖಾಲಿ ಜಾಗ ತುಂಬುವ ಈ ಸುಖ ನಲ್ಲೂರಿಗೂ ಹೊಸದಲ್ಲ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಇಲ್ಲಿನ 54 ಎಕರೆ ಹುಣಸೆ ತೋಪು ಚೋಳರ ಕಾಲದ್ದೆಂಬ ಮಾತು ಊರಿನಲ್ಲಿದೆ. ಟೊಳ್ಳಾದ ಬೊಡ್ಡೆ, ತೋಪಿನೊಳಗಿನ ಹಾಳು ಗುಡಿ ಕಂಡವರು ಆ ಮಾತನ್ನು ಮುಂದಕ್ಕೆ ಬೆಳೆಸದೆ ಇರಲಾರರು.

ಛೋಟಾ ಭೀಮನ ಅಭಿಮಾನಿಗಳು ಮಾಡುವುದೂ ಇದನ್ನೇ.

ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯ ರಾಜೀವ್ ಚಿಲಕಾ ಸೃಷ್ಟಿಸಿದ ಈ ಹುಡುಗ 2008ರಲ್ಲಿ ಪೋಗೋ ಚಾನೆಲ್ಲಿಗೆ ಬಂದ. ಢೋಲಕ್‌ಪುರ ಅವನ ಊರು, ಇಂದ್ರವರ್ಮ ಅಲ್ಲಿನ ರಾಜ. ಚುಟ್ಕಿ, ರಾಜು, ಕೋತಿ ಜಗ್ಗು ಜೊತೆಗಾರರು. ಕಾಲಿಯಾ ಮತ್ತು ಅವನ ಬಾಲಗಳಾದ ಢೋಲು, ಭೋಲು ಎದುರಾಳಿಗಳು. ಇವರ ಕಥೆಯ ಬಗ್ಗೆ ಅಭಿಮಾನಿಗಳು ಊಹೆ ಕಟ್ಟುವ ಆಟಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ತೆರೆಯ ಮೇಲೆ ಕಂಡದ್ದಷ್ಟೇ ಸಾಕ್ಷಿ. ಬೇರೊಂದು ಕಂತು ಅದಕ್ಕೆ ಒಪ್ಪದಿದ್ದರೆ ಊಹೆಯನ್ನು ಕೆಡವಿ ಮತ್ತೆ ಕಟ್ಟಬೇಕು.

ಮೊದಲ ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಈ ಹುಡುಗ ಪಾಂಡವರ ಭೀಮನೇ? ಹೌದೆನ್ನುವವರು ಅವನ ಹಸಿವನ್ನು, ತೋಳ್ಬಲವನ್ನು ತೋರಿಸುತ್ತಾರೆ. 2009ರ ಚಿತ್ರದಲ್ಲಿ ಸಾಕ್ಷಾತ್ ಕೃಷ್ಣನೇ ಇವನ ಗೆಳೆಯನಾಗಿ ಬಂದದ್ದನ್ನು ನೆನಪಿಸುತ್ತಾರೆ. ಅಲ್ಲವೆನ್ನುವವರು ಕೇಳುತ್ತಾರೆ, ಹಾಗಾದರೆ ಧರ್ಮರಾಯನೆಲ್ಲಿ, ಅರ್ಜುನನೆಲ್ಲಿ? ಢೋಲಕ್‌ಪುರದ ಮಕ್ಕಳು ಆಡುವ ಕ್ರಿಕೆಟ್ ದ್ವಾಪರದಲ್ಲಿ ಎಲ್ಲಿಂದ ಬಂತು?

ಈ ಹುಡುಗರ ಬದುಕಿನ ಬಗ್ಗೆ ಅಭಿಮಾನಿಗಳಿಗೆಷ್ಟು ಕಾಳಜಿ ಎಂಬುದು 2020ರಲ್ಲಿ ದೇಶಕ್ಕೇ ಗೊತ್ತಾಯಿತು. ಭೀಮ ರಾಜಕುಮಾರಿ ಇಂದುಮತಿಯನ್ನು ಮದುವೆಯಾದನಂತೆ ಎಂಬ ಸುದ್ದಿ ಹಬ್ಬಿ, ಚುಟ್ಕಿಗೆ ನ್ಯಾಯ ಬೇಕೆಂದು ಜಾಲತಾಣಗಳಲ್ಲಿ ಕೂಗೆದ್ದಿತು. ಅವರೆಲ್ಲ ಇನ್ನೂ ಮಕ್ಕಳು, ಮದುವೆ ನಡೆದೇ ಇಲ್ಲ ಎಂದು ಗ್ರೀನ್ ಗೋಲ್ಡ್ ಸಂಸ್ಥೆಯೇ ಹೇಳಿಕೆ ಕೊಡಬೇಕಾಯಿತು. ಚಿಕ್ಕಂದಿನಲ್ಲಿ ಚುಟ್ಕಿಯನ್ನು ನೋಡಿ ಬೆಳೆದವರು ದೊಡ್ಡವರಾದ ಮೇಲೂ ಅವಳ ಪಕ್ಷ ಬಿಟ್ಟಿರಲಿಲ್ಲ.

ಎಲ್ಲಕ್ಕಿಂತ ರಸವತ್ತಾದ ಪ್ರಶ್ನೆ ಲಡ್ಡುವಿನದು. ಚುಟ್ಕಿಯ ಅಮ್ಮ ಟುನ್‌ಟುನ್ ಮೌಸಿಯ ಅಂಗಡಿಯ ಲಡ್ಡುವನ್ನು ಊರೆಲ್ಲ ತಿನ್ನುತ್ತದೆ, ಬಲ ಉಕ್ಕುವುದು ಭೀಮನಿಗೊಬ್ಬನಿಗೇ. ಅಂದಮೇಲೆ ಗುಟ್ಟು ಲಡ್ಡುವಿನಲ್ಲಿಲ್ಲ, ತಿನ್ನುವವನ ಮೈಯಲ್ಲೇ ಇದೆ. ಇಲ್ಲಿ ಮಹಾಭಾರತದ ಆದಿಪರ್ವ ನೆರವಿಗೆ ಬರುತ್ತದೆ. ದುರ್ಯೋಧನ ಊಟದಲ್ಲಿ ವಿಷವಿಕ್ಕಿ ಬಾಲಕ ಭೀಮನನ್ನು ಗಂಗೆಗೆ ನೂಕುತ್ತಾನೆ. ನಾಗಲೋಕ ಸೇರಿದ ಭೀಮ ಎಂಟು ಕುಂಡ ದಿವ್ಯರಸ ಕುಡಿದು, ಗಾಢ ನಿದ್ದೆಗೆ ಜಾರಿ, ಎಂಟನೆಯ ದಿನ ಏಳುತ್ತಾನೆ. ಮೈಯೊಳಗೆ ಮಲಗಿರುವ ಆ ರಸವನ್ನು ಲಡ್ಡು ಎಬ್ಬಿಸುತ್ತದೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಢೋಲಕ್‌ಪುರ ಎಂಬುದೇ ಆ ಎಂಟು ದಿನದ ನಿದ್ದೆಯಲ್ಲಿ ಭೀಮ ಕಂಡ ಕನಸಾಗಿದ್ದರೆ? ಕನಸಾದ್ದರಿಂದ ವಯಸ್ಸು ಏರುವುದಿಲ್ಲ. ಅಣ್ಣತಮ್ಮಂದಿರು ದೂರ ಉಳಿದಿದ್ದಾರೆ. ಕ್ರಿಕೆಟ್ಟೂ ರಾಜನೂ ಒಂದೇ ಬಯಲಿನಲ್ಲಿ ನಿಲ್ಲಬಹುದು. ವಿಷವಿಕ್ಕಿದ ದಾಯಾದಿಯೇ ಕನಸಿನಲ್ಲಿ, ಸೋತು ಸುಮ್ಮನಾಗುವ ಕಾಲಿಯಾನಾಗಿರಬಹುದು. ಊಟ ವಿಷವಾದ ಮಗುವಿಗೆ ಕನಸಿನಲ್ಲಿ ಊಟವೇ ಬಲ ಕೊಡುತ್ತದೆ.

ಈ ಊಹೆಯ ಎದುರುವಾದಿಗಳ ಕೈಯಲ್ಲಿ ಒಂದು ಗಟ್ಟಿ ಸಾಕ್ಷಿ ಇದೆ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಮೈಟಿ ಲಿಟಲ್ ಭೀಮ್’ ಸರಣಿಯಲ್ಲಿ ಇವನಿನ್ನೂ ಅಂಬೆಗಾಲಿಡುವ ಕೂಸು; ವಿಷಕ್ಕೂ ರಸಕ್ಕೂ ಮೊದಲೇ ಭಾರಿ ಬಲಶಾಲಿ. ಆದರೆ ಕುಂತಿಯ ಮಡಿಲಿಂದ ಜಾರಿಬಿದ್ದ ಹಸುಗೂಸು ಭೀಮನ ಮೈ ತಾಗಿ ಬಂಡೆಯೇ ಪುಡಿಯಾಯಿತು ಎಂದು ಆದಿಪರ್ವ ಹೇಳುತ್ತದಲ್ಲ! ಆ ಸರಣಿಯಲ್ಲಿ ತಾಯಿಯೂ ಇದ್ದಾಳೆ. ಅವಳು ಕುಂತಿಯೇ ಅಲ್ಲವೇ ಎಂಬುದನ್ನು ಈಗ ಕಂತು ಕಂತಾಗಿ ನೋಡಿ ತೀರ್ಮಾನಿಸಬೇಕು.