ಪಾದೆಯೊಳಗಿನ ನೀರಿಗೆ ಕಿವಿಗೊಟ್ಟು

ಮಾಳದ ಘಾಟಿ ಇಳಿದು ಬಜಗೋಳಿ ದಾಟಿದರೆ ಕಾರ್ಕಳ. ಊರ ಪಕ್ಕದ ದೊಡ್ಡ ಪಾದೆಯ ಮೇಲೆ, ಭೈರವರಸ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ. ಒಂದು ಸೀಳೂ ಇಲ್ಲದ ಬಂಡೆ ಸಿಕ್ಕಿದ್ದರಿಂದಲೇ ಶಿಲ್ಪಿಗಳಿಗೆ ಅಂಥ ಮೂರ್ತಿ ಸಾಧ್ಯವಾಯಿತು. ಬೋರ್‌ವೆಲ್ ಕೊರೆಸುವವರು ಹುಡುಕುವುದು ಅದಕ್ಕೆ ತದ್ವಿರುದ್ಧವಾದದ್ದನ್ನು: ಒಳಗೆಲ್ಲೋ ಸೀಳಿರುವ ಬಂಡೆಯನ್ನು.

ಸಾವಿರ ಅಡಿ ಕೊರೆದರೂ ಬರೀ ದೂಳು ಏಳುವ ಕೋಲಾರದ ಕಡೆಯವನಾದ ನನಗೆ ಈ ಹಸಿರೇ ಒಂದು ವಿಸ್ಮಯ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗಳ ತಳ ಕಾಣುತ್ತದೆ. ಮೇಲಿನ ಮುರಕಲ್ಲು ಮಳೆಯನ್ನು ಹೀರಿದಷ್ಟೇ ಬೇಗ ತೋಡು, ಹೊಳೆಗಳಿಗೆ ಬಿಟ್ಟುಕೊಡುತ್ತದೆ. ಅದರಡಿಯ ಗಟ್ಟಿ ಶಿಲೆಯಲ್ಲಿ ನೀರಿಗೆ ಬಿರುಕುಗಳೇ ಗತಿ.

ಹಿರಿಯಡ್ಕದ ದಾರಿಯಲ್ಲಿ ಒಂದು ಅಡಿಕೆ ತೋಟದಲ್ಲಿ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ನಿಂತಿತ್ತು. ಕಂಪ್ರೆಸರ್ ಗಾಳಿಗೆ ಹ್ಯಾಮರ್ ಬಂಡೆಯನ್ನು ಜಜ್ಜುತ್ತಿತ್ತು, ಬಿಳಿ ದೂಳು ಮರಗಳ ತುದಿ ಮುಟ್ಟುತ್ತಿತ್ತು. ಹಲಸನ್ನು ಬಡಿದು ಹಣ್ಣೋ ಕಾಯೋ ಎಂದು ಹೇಳುವವರಂತೆ ಡ್ರಿಲ್ಲರ್ ಕಿವಿಯಲ್ಲೇ ಕೆಲಸ ಮಾಡುತ್ತಿದ್ದರು. "ಸದ್ದು ಬದಲಾಯ್ತು ಸಾರ್, ಗ್ಯಾಪ್ ಸಿಕ್ತು" ಎಂದರು. ಆಮೇಲೆ ದೂಳು ಕೆಸರಾಯಿತು, ಕೆಸರು ನೀರಾಯಿತು. "ಎರಡಿಂಚು!" ಎಂದು ತೋಟದ ಯಜಮಾನರು ಕೈಮುಗಿದರು.

ಆ ಕಿವಿಯ ವಿದ್ಯೆಯನ್ನೇ ವಿಜ್ಞಾನ ಉಪಕರಣವಾಗಿಸಿದೆ. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ನೋಡುತ್ತ ಆ ಉಪಕರಣದ ಲೆಕ್ಕ ಹಾಕಿದೆ. ಕೊಳವೆಬಾವಿಯ ಬಾಯಿಯಿಂದ ಒಂದು ಸದ್ದನ್ನು ಒಳಗೆ ಬಿಟ್ಟರೆ ಅದು ನೀರಿನ ಮೈಗೆ ತಾಗಿ ಮರಳುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪ್ರತಿಧ್ವನಿ 0.6 ಸೆಕೆಂಡಿನಲ್ಲಿ ಬಂದರೆ ನೀರು ಸುಮಾರು 100 ಮೀಟರ್ ಕೆಳಗಿದೆ. ಹಗ್ಗ ಇಳಿಸಬೇಕಿಲ್ಲ, ಪಂಪ್ ಎತ್ತಬೇಕಿಲ್ಲ.

ದ್ರವದೊಳಗೆ ಸದ್ದಿನ ಓಟ ಇನ್ನೂ ಜೋರು. 1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಜಿನೀವಾ ಸರೋವರದಲ್ಲಿ ಗಂಟೆ ಮುಳುಗಿಸಿ ಬಾರಿಸಿ, ಸೆಕೆಂಡಿಗೆ 1435 ಮೀಟರ್ ಎಂದು ಅಳೆದರು. ಆದರೆ ಅದೇ ನೀರಿನಲ್ಲಿ ನೂರಕ್ಕೊಂದು ಪಾಲು ಅನಿಲದ ಗುಳ್ಳೆ ಬೆರೆತರೆ, ವೇಗ ಗಾಳಿಯಲ್ಲಿ ಇರುವುದಕ್ಕಿಂತಲೂ ಕೆಳಗಿಳಿಯುತ್ತದೆ! ತೈಲಬಾವಿ ಕೊರೆಯುವವರಿಗೆ ಈ ಗುಣ ಜೀವರಕ್ಷಕ. ಕೊರೆಯುವಾಗ ಮೇಲೆ ಬರುವ ಕೆಸರಿನ ಮೂಲಕ ಸದ್ದು ಹಾಯಿಸುತ್ತಿದ್ದರೆ, ಆಳದಲ್ಲಿ ಅನಿಲ ನುಗ್ಗಿದ್ದು ಬಾವಿ ಸಿಡಿಯುವ ಮೊದಲೇ ಗೊತ್ತಾಗುತ್ತದೆ.

ಉಡುಪಿಯಿಂದ ತೆಂಕಕ್ಕೆ ಕಾಪು. 1901ರ ದೀಪಸ್ತಂಭ ಹತ್ತಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ತೆಂಗಿನ ತೋಟಗಳ ಆಚೆ ಪಾದೂರಿನ ದಿಕ್ಕು. ಈ ಪಯಣದ ದೊಡ್ಡ ಅಚ್ಚರಿ ಇರುವುದು ಅಲ್ಲೇ, ಕಣ್ಣಿಗೆ ಕಾಣದಂತೆ. ಶಿಲೆ ಕೊರೆದು ಮಾಡಿದ ಭಾರೀ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವಷ್ಟು ಜಾಗವಿದೆ. ದೇಶದ ಆಪತ್ಕಾಲಕ್ಕೆಂದು ಕಟ್ಟಿದ ಈ ಸಂಗ್ರಹಾಗಾರ 2019ರ ಫೆಬ್ರುವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಗುಹೆಗಳಿಗೆ ಉಕ್ಕಿನ ಒಳಗೋಡೆ ಇಲ್ಲ. ತೈಲವನ್ನು ಹಿಡಿದಿಟ್ಟಿರುವುದು ಸುತ್ತಲಿನ ಬಿರುಕುಗಳಲ್ಲಿ ತುಂಬಿದ ನೀರು. ಗುಹೆಯ ಮೇಲ್ಗಡೆ ಸಾಲಾಗಿ ಕೊರೆದ ರಂಧ್ರಗಳಿಗೆ ನೀರು ಹರಿಸಿ ಒತ್ತಡ ಕಾಯುತ್ತಾರೆ. ನೀರಿನ ಒತ್ತಡ ಒಳಗಿನ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಸೋರುವುದಿಲ್ಲ. ಜಿನುಗಿದ ನೀರನ್ನು ತಳದಿಂದ ಪಂಪ್ ಮಾಡಿ ತೆಗೆಯುತ್ತಾರೆ.

ಗೊಮ್ಮಟನ ಊರಿನಿಂದ ತೈಲದ ಊರಿನವರೆಗೆ ನನಗೆ ಮನದಟ್ಟಾದದ್ದು ಒಂದೇ ಮಾತು. ದೇಶದ ತೈಲ ಕಾಯುವವರು ಅಂತರ್ಜಲದ ಮಟ್ಟವನ್ನು ಅಳೆಯದೆ ಇರುವಂತಿಲ್ಲ, ಏಕೆಂದರೆ ನೀರು ಕುಸಿದರೆ ಕಾವಲೇ ಕುಸಿಯುತ್ತದೆ. ನಮ್ಮ ತೋಟಗಳ ಕಥೆಯೂ ಬೇರೆಯಲ್ಲ. ಹೊಸ ಬೋರ್ ಕೊರೆಸಲು ಲಕ್ಷಗಟ್ಟಲೆ ಖರ್ಚು ಮಾಡುವ ನಾವು, ಇರುವ ಬೋರ್‌ನ ನೀರು ಎಷ್ಟು ಕೆಳಗಿದೆ ಎಂದು ತಿಂಗಳಿಗೊಮ್ಮೆಯಾದರೂ ಕೇಳಿಸಿಕೊಳ್ಳಬೇಕು. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಮಳೆಯ ಲೆಕ್ಕದ ಪಕ್ಕದಲ್ಲಿ ಆ ಅಂಕಿಯನ್ನೂ ಬರೆದರೆ, ಮುಂದಿನ ಬೇಸಿಗೆಗೆ ಎಷ್ಟು ಉಳಿಸಬೇಕು ಎಂದು ಊರೇ ಕೂತು ನಿರ್ಧರಿಸಬಹುದು.