ಒಂಬತ್ತು ಕಿಲೋ ಕಡಿಮೆ ಮಾಡಿದ ಕಥೆ



ಕಳೆದ ವರ್ಷ ನಮ್ಮ ಮನೆಯ ಅಟ್ಟದ ಮೇಲೆ ಒಂದು ಗೋಣಿಚೀಲ ಇತ್ತು. ಅದರೊಳಗೆ ಅಪ್ಪನ ಹಳೇ ಬೈಕಿನ ಲೆಗ್ ಗಾರ್ಡ್, ಸೆಂಟರ್ ಸ್ಟ್ಯಾಂಡ್, ಎರಡು ಕನ್ನಡಿ, ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ ಮತ್ತು ಸ್ಯಾರಿ ಗಾರ್ಡ್ ಇದ್ದವು. ಬೀದಿ ತುದಿಯ ತರಕಾರಿ ಅಂಗಡಿಯಲ್ಲಿ ತೂಗಿಸಿ ನೋಡಿದ್ದೆವು. ಸರಿಯಾಗಿ ಒಂಬತ್ತು ಕಿಲೋ. ಅವನ್ನೆಲ್ಲ ಯಾಕೆ ಬಿಚ್ಚಿದೆವು, ಆಮೇಲೆ ಏನಾಯಿತು, ಆ ನೆಪದಲ್ಲಿ ಅಮೆರಿಕದ ಹಳೇ ಮಸಲ್ ಕಾರುಗಳ ಬಗ್ಗೆ ಏನು ಕಲಿತೆವು ಎಂದು ಹೇಳೋಣವೆಂದೇ ಈ ಬರಹ.

ನಾವು ಅಂದರೆ ಅಕ್ಕ ಮತ್ತು ತಮ್ಮ. ಹೊಸೂರಿನಲ್ಲಿ ನಮ್ಮ ಮನೆ. ಅಕ್ಕ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ, ತಮ್ಮ ಕಾಲೇಜಿನ ಮೊದಲ ವರ್ಷ. ಅಪ್ಪ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ.

ತಮ್ಮನಿಗೆ ಮಸಲ್ ಕಾರುಗಳ ಹುಚ್ಚು. 1964ರ ಪಾಂಟಿಯಾಕ್ ಜಿಟಿಒ, 1969ರ ಡಾಡ್ಜ್ ಚಾರ್ಜರ್, 1970ರ ಶೆವ್ರೊಲೆ ಶೆವೆಲ್ ಇವೆಲ್ಲ ಅವನ ಬಾಯಲ್ಲಿ ನೆಂಟರ ಹೆಸರಿನಂತೆ ಬರುತ್ತಿದ್ದವು. ಅವುಗಳಲ್ಲೂ ಅವನ ಮೆಚ್ಚಿನದು 1964ರ ಫೋರ್ಡ್ ಥಂಡರ್‌ಬೋಲ್ಟ್. ಅದು ಫೇರ್‌ಲೇನ್ ಎಂಬ ಸಾಧಾರಣ ಕಾರಿಗೆ 7 ಲೀಟರಿನ ಎಂಜಿನ್ ತುಂಬಿ, ಡ್ರ್ಯಾಗ್ ರೇಸಿಗಾಗಿಯೇ ಮಾಡಿದ್ದು. ಡ್ರ್ಯಾಗ್ ರೇಸ್ ಅಂದರೆ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ದಾರಿಯಲ್ಲಿ ನಿಂತಲ್ಲಿಂದ ಹೊರಟು ಯಾರು ಮೊದಲು ಮುಟ್ಟುತ್ತಾರೆ ಎಂಬ ಪಂದ್ಯ. ತೂಕ ಇಳಿಸಲು ಫೋರ್ಡಿನವರು ಆ ಕಾರಿನ ಬಾನೆಟ್ಟನ್ನು ಫೈಬರ್‌ಗ್ಲಾಸಿನಲ್ಲಿ ಮಾಡಿದರು. ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಹಾಕಿದರು. ರೇಡಿಯೊ, ಹೀಟರ್, ಕೈ ಊರುವ ಆರ್ಮ್‌ರೆಸ್ಟ್, ಜಾಕ್ ಎಲ್ಲ ತೆಗೆದರು. ಪಕ್ಕದಲ್ಲಿ ಕೂರುವವರ ಎದುರಿನ ವೈಪರನ್ನೂ ಬಿಡಲಿಲ್ಲ.

ಈ ಕಥೆಯನ್ನು ತಮ್ಮ ನೂರು ಸಲ ಹೇಳಿದ್ದ. ಒಂದು ಶನಿವಾರ ಮಧ್ಯಾಹ್ನ, "ನಮ್ಮ ಬೈಕಿಗೂ ಹಂಗೇ ಮಾಡೋಣ ಕಣೇ ಅಕ್ಕ" ಅಂದ. ತಪ್ಪೆಲ್ಲ ಅವನದೇ ಅನ್ನುವಂತಿಲ್ಲ. ಸ್ಪ್ಯಾನರ್ ಹಿಡಿದದ್ದು ಅಕ್ಕ. ಅಪ್ಪ ಶಿಫ್ಟ್ ಮುಗಿಸಿ ಬಂದು ನೋಡಿ, "ಕಂಪನಿಯವರು ಅವನ್ನೆಲ್ಲ ಸುಮ್ನೆ ಹಾಕಿರ್ತಾರೇನ್ರೋ? ನಾಳೆ ಹಾಕ್ಬಿಡಿ" ಅಂದರು. ನಾಳೆ ಅನ್ನುತ್ತ ಎರಡು ವಾರ ಕಳೆಯಿತು.

ನವೆಂಬರಿನ ಒಂದು ಭಾನುವಾರ, ಪೂಜೆ ಮುಗಿಸಿಕೊಂಡು ತಮ್ಮ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ವೇಗ ಏನೂ ಇರಲಿಲ್ಲ, ಓಣಿಯ ತಿರುವು. ಅಮ್ಮ ಎರಡೂ ಕಾಲನ್ನು ಎಡಗಡೆ ಇಟ್ಟು ಕೂತಿದ್ದರು. ಸೆರಗು ಜಾರಿ ಹಿಂದಿನ ಚಕ್ರಕ್ಕೆ ಸಿಕ್ಕಿತು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ, ತಡೆಯಲು ಗಾರ್ಡ್ ಇರಲಿಲ್ಲ, ತಿರುಗಿ ನೋಡದೆ ತಿಳಿಯಲು ಕನ್ನಡಿಯೂ ಇರಲಿಲ್ಲ. ಅಮ್ಮ ಕೈ ಊರಿ ಬಿದ್ದರು. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರು.

ಕ್ರಿಸ್‌ಮಸ್‌ಗೆ ಕೊಡುತ್ತೇನೆಂದು ಅಮ್ಮ ಒಪ್ಪಿಕೊಂಡಿದ್ದ ಬ್ಲೌಸುಗಳು ಇಪ್ಪತ್ತಕ್ಕೂ ಹೆಚ್ಚು. ನಾವಿಬ್ಬರೂ ಮನೆಮನೆಗೆ ಹೋಗಿ ಬಟ್ಟೆ ವಾಪಸ್ ಕೊಟ್ಟೆವು. ಇಬ್ಬರು, "ಪರವಾಗಿಲ್ಲ, ಅಮ್ಮ ಹುಷಾರಾದ ಮೇಲೇ ಹೊಲಿದು ಕೊಡ್ಲಿ" ಅಂದರು. ಉಳಿದವರಿಗೆ ಹಬ್ಬಕ್ಕೆ ಬೇಕಿತ್ತು, ತೆಗೆದುಕೊಂಡರು. ಅಮ್ಮ ನಮಗೆ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಆ ಆರು ವಾರ ಸಂಜೆ ಅಡುಗೆ, ಪಾತ್ರೆ ನಮ್ಮದು. ಕೆಲಸ ಮುಗಿದ ಮೇಲೆ ಅಡುಗೆಮನೆಯಲ್ಲೇ ಕೂತು ಒಂದು ಲೆಕ್ಕ ಶುರು ಮಾಡಿದೆವು. ಒಂಬತ್ತು ಕಿಲೋ ಇಳಿಸಿದ್ದರಿಂದ ನಿಜವಾಗಿ ನಮಗೆ ಸಿಕ್ಕಿದ್ದೇನು? ಅದಕ್ಕೆ ಮೊದಲು, ಆ ಅಮೆರಿಕದ ಕಾರುಗಳಿಗೆ ಸಿಕ್ಕಿದ್ದೇನು?

ಮೊದಲು ತೂಕ ನೋಡಿದೆವು. ಮಸಲ್ ಕಾರ್ ಅಂದರೆ ಆನೆಯಷ್ಟು ಭಾರ ಎಂದು ನಾವು ತಿಳಿದಿದ್ದೆವು. ಹಾಗೇನಿಲ್ಲ. 1964ರ ಜಿಟಿಒ ಸುಮಾರು 1,550ರಿಂದ 1,600 ಕಿಲೋ. 1969ರ ಕಮಾರೊ ವಿ8 ಕೂಡ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಎಂಜಿನ್ ಹಾಕಿದ ಚಾರ್ಜರ್, ಶೆವೆಲ್ ಎಸ್ಎಸ್ 454 ಇವು 1,800ರ ಆಸುಪಾಸು. ನಮ್ಮ ರಸ್ತೆಗಳಲ್ಲಿ ಓಡುವ ಇನ್ನೋವಾ ಕ್ರಿಸ್ಟಾ ತೂಕವೂ ಸುಮಾರು ಅಷ್ಟೇ ಅಂದರೆ ನಂಬುತ್ತೀರಾ? ಚಾರ್ಜರ್ ಎಂಬ ಹೆಸರಿನಲ್ಲೇ 2024ರಲ್ಲಿ ಬಂದ ಬ್ಯಾಟರಿ ಕಾರು 2,600 ಕಿಲೋಗೂ ಹೆಚ್ಚು ತೂಗುತ್ತದೆ.

ಈ ಅಂಕಿಗಳನ್ನು ನೋಡುವಾಗ ಒಂದು ಎಚ್ಚರ ಬೇಕು. ಹಳೇ ಪುಸ್ತಕಗಳಲ್ಲಿ ಎರಡು ಬಗೆಯ ತೂಕ ಇರುತ್ತದೆ. ಶಿಪ್ಪಿಂಗ್ ವೇಟ್ ಅಂದರೆ ಕಾರ್ಖಾನೆಯಿಂದ ಸಾಗಿಸುವಾಗಿನ ತೂಕ, ಟ್ಯಾಂಕ್ ತುಂಬಿರುವುದಿಲ್ಲ. ಕರ್ಬ್ ವೇಟ್ ಅಂದರೆ ಪೆಟ್ರೋಲು, ಆಯಿಲ್, ನೀರು ಎಲ್ಲ ತುಂಬಿ ಓಡಿಸಲು ಸಿದ್ಧವಾದಾಗಿನ ತೂಕ. 75 ಲೀಟರ್ ಟ್ಯಾಂಕಿನ ಪೆಟ್ರೋಲೇ 55 ಕಿಲೋ ಆಗುತ್ತದೆ. ಒಂದೇ ಕಾರಿಗೆ ಬೇರೆಬೇರೆ ಅಂಕಿ ಕಂಡರೆ ಎಷ್ಟೋ ಸಲ ಕಾರಣ ಇದೇ.

ಮಸಲ್ ಕಾರ್ ಹುಟ್ಟಿದ್ದೇ ತೂಕದ ಲೆಕ್ಕದಿಂದ. ಪಾಂಟಿಯಾಕಿನವರು ತಮ್ಮ ದೊಡ್ಡ ಕಾರುಗಳಿಗೆ ಹಾಕುತ್ತಿದ್ದ 6.4 ಲೀಟರಿನ ಎಂಜಿನ್ನನ್ನು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ಇಳಿಸಿದರು. ಎಂಜಿನ್ ಅದೇ, ಎಳೆಯಬೇಕಾದ ಭಾರ ಕಡಿಮೆ. ಅದೇ ಜಿಟಿಒ. ಒಂದು ಕುದುರೆ ಶಕ್ತಿಗೆ ಎಷ್ಟು ಕಿಲೋ ಬೀಳುತ್ತದೆ ಎಂಬುದೇ ಮುಖ್ಯ. ಜನರಲ್ ಮೋಟಾರ್ಸಿನಲ್ಲಿ ಇದಕ್ಕೊಂದು ಒಳನಿಯಮವೇ ಇತ್ತು. ಕೊರ್ವೆಟ್ ಬಿಟ್ಟು ಉಳಿದ ಕಾರುಗಳಲ್ಲಿ ಪ್ರತಿ ಕುದುರೆ ಶಕ್ತಿಗೆ ಕನಿಷ್ಠ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಕ ಇರಬೇಕು. 1967ರ ಫೈರ್‌ಬರ್ಡ್ 400 ಹಗುರವಾದ ಕಾರು, ಹಾಗಾಗಿ ಅದರ ಕಾರ್ಬುರೇಟರ್ ಪೂರ್ತಿ ತೆರೆಯದಂತೆ ಒಂದು ಸಣ್ಣ ತಗಡಿನ ತಡೆ ಇಟ್ಟು ಶಕ್ತಿ ಇಳಿಸಿದ್ದರು. ಗೊತ್ತಿದ್ದ ಹುಡುಗರು ಆ ತಗಡನ್ನು ಬಗ್ಗಿಸಿಬಿಡುತ್ತಿದ್ದರು!

ಇಷ್ಟು ತೂಕ ಎಲ್ಲಿ ಕೂತಿರುತ್ತದೆ? ಇದಕ್ಕೆ ಉತ್ತರ ಅಪ್ಪನಿಂದ ಸಿಕ್ಕಿತು. ಕ್ರೈಸ್ಲರಿನ 426 ಹೆಮಿ ಎಂಜಿನ್ ಒಂದೇ ಸುಮಾರು 350 ಕಿಲೋ ಎಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಎರಕದ ಕಬ್ಬಿಣ ಅಲ್ವಾ? ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟು ಭಾರ ಅದು" ಅಂದರು. ಹಾಗಾದರೆ ಎಲ್ಲವನ್ನೂ ಅಲ್ಯೂಮಿನಿಯಂನಲ್ಲೇ ಯಾಕೆ ಮಾಡಲಿಲ್ಲ ಎಂದು ಕೇಳಿದೆವು. ಅಲ್ಯೂಮಿನಿಯಂ ಮೆತು, ಗೋಡೆ ದಪ್ಪ ಇಡಬೇಕು, ಪಿಸ್ಟನ್ ಓಡುವ ಕಡೆ ಕಬ್ಬಿಣದ ಸ್ಲೀವ್ ಹಾಕಬೇಕು, ಖರ್ಚು ಜಾಸ್ತಿ ಎಂದು ವಿವರಿಸಿದರು. ಅವರು ಹೇಳಿದ್ದಕ್ಕೆ ಸಾಕ್ಷಿ 1969ರ ಕಮಾರೊ ಜೆಡ್ಎಲ್1. ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಅದೇ ಗಾತ್ರದ ಕಬ್ಬಿಣದ ಎಂಜಿನ್ನಿಗಿಂತ 45 ಕಿಲೋಗೂ ಹೆಚ್ಚು ಹಗುರ. ಆದರೆ ಆ ಎಂಜಿನ್ನಿಗೇ 4,000 ಡಾಲರಿಗಿಂತ ಹೆಚ್ಚು ಕೊಡಬೇಕಿತ್ತು. ಅದು ಕಾರಿನ ಬೆಲೆಗಿಂತಲೂ ಜಾಸ್ತಿ. ಮಾಡಿದ್ದು 69 ಕಾರು ಮಾತ್ರ, ಅವೂ ಎಲ್ಲ ಸುಲಭವಾಗಿ ಮಾರಾಟವಾಗಲಿಲ್ಲ.

ಇನ್ನು ನಮ್ಮ ಲೆಕ್ಕ. ಡ್ರ್ಯಾಗ್ ರೇಸಿನವರು ಬಾಯಿಲೆಕ್ಕವೊಂದನ್ನು ಇಟ್ಟುಕೊಂಡಿರುತ್ತಾರೆ: 100 ಪೌಂಡ್, ಅಂದರೆ 45 ಕಿಲೋ ಇಳಿಸಿದರೆ ಕಾಲು ಮೈಲಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಉಳಿಯುತ್ತದೆ. ಅಕ್ಕ ಸೂತ್ರ ಹಾಕಿ ನೋಡಿದಳು. ತೂಕ ಎಷ್ಟು ಪಾಲು ಇಳಿಯುತ್ತದೋ, ಸಮಯ ಅದರ ಮೂರನೇ ಒಂದು ಪಾಲು ಮಾತ್ರ ಇಳಿಯುತ್ತದೆ. 1,800 ಕಿಲೋ ಕಾರಿನಲ್ಲಿ 45 ಕಿಲೋ ಅಂದರೆ ನೂರಕ್ಕೆ ಎರಡೂವರೆ. ಸಮಯದಲ್ಲಿ ಉಳಿಯುವುದು ನೂರಕ್ಕೆ 0.8ರಷ್ಟು. 13.5 ಸೆಕೆಂಡಿನಲ್ಲಿ ಓಡುವ ಶೆವೆಲ್‌ಗೆ ಅದು 0.1 ಸೆಕೆಂಡು. ಬಾಯಿಲೆಕ್ಕ ಸರಿಯೇ ಇತ್ತು.

0.1 ಸೆಕೆಂಡು ಏನು ಮಹಾ ಅನ್ನಬೇಡಿ. ಗೆರೆ ದಾಟುವಾಗ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿದ್ದರೆ ಅಷ್ಟು ಹೊತ್ತಿನಲ್ಲಿ ನಾಲ್ಕೂವರೆ ಮೀಟರ್ ಹೋಗುತ್ತದೆ, ಹೆಚ್ಚುಕಡಿಮೆ ಒಂದು ಕಾರಿನಷ್ಟು ಉದ್ದ. ಪಂದ್ಯದಲ್ಲಿ ಅದು ಗೆಲುವಿಗೂ ಸೋಲಿಗೂ ಇರುವ ಅಂತರ. ಅದಕ್ಕಾಗಿಯೇ ಪಾಂಟಿಯಾಕಿನವರು 1963ರಲ್ಲಿ 14 ಕ್ಯಾಟಲಿನಾ ಕಾರುಗಳ ಚಾಸಿಗೆ ನೂರಕ್ಕೂ ಹೆಚ್ಚು ತೂತು ಕೊರೆದರು. ಜನ ಅವನ್ನು ಸ್ವಿಸ್ ಚೀಸ್ ಎಂದು ಕರೆದರು.

ತೂಕ ಎಷ್ಟಿದೆ ಅನ್ನುವುದರಷ್ಟೇ ಎಲ್ಲಿದೆ ಅನ್ನುವುದೂ ಮುಖ್ಯ ಎಂದು ಆಮೇಲೆ ತಿಳಿಯಿತು. ಭಾರದ ಎಂಜಿನ್ ಮುಂದೆ, ಕಾರನ್ನು ತಳ್ಳುವ ಚಕ್ರ ಹಿಂದೆ. ದೊಡ್ಡ ಎಂಜಿನ್ನಿನ ಕಾರುಗಳಲ್ಲಿ ನೂರಕ್ಕೆ 55ಕ್ಕೂ ಹೆಚ್ಚು ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಆಗಿನ ಟೈರುಗಳು ಸಣ್ಣ, ಹಿಡಿತ ಕಡಿಮೆ. ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ಹೊಗೆ ಎಬ್ಬಿಸಿ ನಿಂತಲ್ಲೇ ತಿರುಗುತ್ತಿತ್ತು. ಸಿನಿಮಾದಲ್ಲಿ ಅದು ಚೆಂದ, ಪಂದ್ಯದಲ್ಲಿ ನಷ್ಟ. ಹಾಗಾಗಿ ಅಷ್ಟೆಲ್ಲ ತೂಕ ಕಿತ್ತು ಹಾಕಿದ ಥಂಡರ್‌ಬೋಲ್ಟಿನಲ್ಲೇ ಸುಮಾರು 43 ಕಿಲೋ ತೂಗುವ ಭಾರೀ ಬ್ಯಾಟರಿಯನ್ನು ಡಿಕ್ಕಿಯಲ್ಲಿಟ್ಟರು. ಹಿಂದಿನ ಚಕ್ರ ನೆಲ ಕಚ್ಚಲು ಅಲ್ಲಿ ಭಾರ ಬೇಕಿತ್ತು. ಈ ವಿಷಯ ತಮ್ಮನಿಗೆ ಗೊತ್ತೇ ಇರಲಿಲ್ಲ.

ಬ್ರೇಕಿನ ಕಥೆ ಬೇರೆ. ಓಡುವ ಭಾರವನ್ನು ನಿಲ್ಲಿಸುವುದೆಂದರೆ ಅದರ ಶಕ್ತಿಯನ್ನೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕಳೆಯುವುದು. ತೂಕ ಎರಡು ಪಟ್ಟಾದರೆ ಬಿಸಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆ ಕಾರುಗಳಲ್ಲಿ ಬಹಳಷ್ಟಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಬರುತ್ತಿತ್ತು. ಮುಂದೆ ಡಿಸ್ಕ್ ಬೇಕೆಂದರೆ ಹೆಚ್ಚು ದುಡ್ಡು ಕೊಡಬೇಕು. ಜೋರಾಗಿ ಎರಡು ಮೂರು ಸಲ ಬ್ರೇಕ್ ಹಿಡಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತಿತ್ತು. ಓಡಲು ಖರ್ಚು ಮಾಡಿದಷ್ಟು ನಿಲ್ಲಲು ಯಾರೂ ಖರ್ಚು ಮಾಡಿರಲಿಲ್ಲ.

ಇಷ್ಟೆಲ್ಲ ಓದುವಾಗ ಒಂದು ರಾತ್ರಿ 1968ರ ಹೆಮಿ ಡಾರ್ಟ್ ಕಾರಿನ ವಿವರ ಸಿಕ್ಕಿತು. ಡಾಡ್ಜಿನವರು ಅದರ ಹಿಂದಿನ ಸೀಟು ತೆಗೆದಿದ್ದರು. ಗಾಜು ತೆಳು, ಬಾಗಿಲ ತಗಡು ತೆಳು. ಕಿಟಕಿ ಏರಿಸಲು ಹಿಡಿಯ ಬದಲು ಒಂದು ಪಟ್ಟಿ, ಕೈಯಲ್ಲಿ ಎಳೆಯಬೇಕು. ಇದೆಲ್ಲ ಓದಿ ತಮ್ಮನ ಕಣ್ಣು ಅರಳಿತು. ಮುಂದಿನ ಸಾಲು ಓದಿ ಇಬ್ಬರೂ ಸುಮ್ಮನಾದೆವು. ಕಂಪನಿಯವರೇ ಆ ಕಾರಿಗೆ ಒಂದು ಚೀಟಿ ಅಂಟಿಸಿದ್ದರು: ಇದು ಸಾರ್ವಜನಿಕ ರಸ್ತೆಗಾಗಿ ಮಾಡಿದ್ದಲ್ಲ, ವಾಹನ ಸುರಕ್ಷತೆಯ ನಿಯಮಗಳಿಗೆ ಹೊಂದುವುದಿಲ್ಲ ಎಂಬ ಅರ್ಥದ್ದು. ತಮ್ಮ ನೋಡಿದ್ದ ಯಾವ ವಿಡಿಯೊದಲ್ಲೂ ಆ ಚೀಟಿ ಇರಲಿಲ್ಲ. ಹಿಂದಿನ ಸೀಟು ಕಿತ್ತವರು ಆ ಕಾರಿನಲ್ಲಿ ಹಿಂದೆ ಯಾರನ್ನೂ ಕೂರಿಸುತ್ತಿರಲಿಲ್ಲ. ನಾವು ಕಂಬಿ, ಗಾರ್ಡ್ ಕಿತ್ತು ಅಮ್ಮನನ್ನೇ ಕೂರಿಸಿದ್ದೆವು.

ಕೊನೆಗೆ ನಮ್ಮ ಬೈಕಿನ ಲೆಕ್ಕ. ಬೈಕ್ 115 ಕಿಲೋ, ತಮ್ಮ 60, ಒಟ್ಟು 175. ಒಂಬತ್ತು ಕಿಲೋ ಅಂದರೆ ನೂರಕ್ಕೆ ಐದು. ಕಾಲು ಮೈಲಿಗೆ ಸುಮಾರು 20 ಸೆಕೆಂಡು ಹಿಡಿದರೆ ಉಳಿದದ್ದು ಒಂದು ಸೆಕೆಂಡಿನ ಮೂರನೇ ಒಂದು ಪಾಲು. ಮನೆಯಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದೇ ಒಂದು ಕೆಂಪು ಸಿಗ್ನಲ್ ಅದನ್ನೆಲ್ಲ ತಿಂದುಹಾಕುತ್ತದೆ. ಸ್ಯಾರಿ ಗಾರ್ಡ್ ಒಂದನ್ನೇ ಬೇರೆಯಾಗಿ ತೂಗಿದೆವು. ಒಂದು ಕಿಲೋಗೂ ಕಡಿಮೆ.

ಲೆಕ್ಕದ ಹಾಳೆಯನ್ನು ಅಮ್ಮನಿಗೆ ತೋರಿಸಿ ಕ್ಷಮೆ ಕೇಳಿದೆವು. ಅಮ್ಮ ಹಾಳೆ ನೋಡಿ, "ಇಷ್ಟೊಂದು ಲೆಕ್ಕ ಮೊದ್ಲೇ ಹಾಕಿದ್ರೆ ಆಗ್ತಿತ್ತಲ್ರೋ" ಅಂದು ನಕ್ಕುಬಿಟ್ಟರು. ತಮ್ಮ ಅತ್ತ. ಅಕ್ಕನೂ ಅತ್ತಳು.

ಮರುದಿನ ಅಟ್ಟದ ಚೀಲ ಇಳಿಸಿದೆವು. ಬೋಲ್ಟುಗಳು ತುಕ್ಕು ಹಿಡಿದಿದ್ದವು, ಹೊಸದು ತಂದೆವು. ಎಲ್ಲವನ್ನೂ ಹಾಕಿದ ಮೇಲೆ ಅಪ್ಪ ಬಂದು ಒಂದೊಂದನ್ನೂ ಅಲ್ಲಾಡಿಸಿ ನೋಡಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಮ್ಮ ಮತ್ತೆ ಬೈಕ್ ಹತ್ತಲು ಇನ್ನೂ ಒಂದು ತಿಂಗಳು ಬೇಕಾಯಿತು. ಹತ್ತಿದ ದಿನ ಮೊದಲು ಕಂಬಿ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಮೇಲೆ "ಹೊರಡು" ಅಂದರು.

ತಮ್ಮನಿಗೆ ಮಸಲ್ ಕಾರುಗಳ ಹುಚ್ಚು ಹೋಗಿಲ್ಲ, ಹೋಗುವುದೂ ಬೇಡ. ಈಗ ಅಕ್ಕನಿಗೂ ಹಿಡಿದಿದೆ. ಯಾವುದಾದರೂ ಕಾರಿನ ಬಗ್ಗೆ ಓದಿದರೆ ಎಷ್ಟು ಕಿಲೋ ತೆಗೆದರು ಎಂಬುದರ ಜೊತೆಗೆ, ತೆಗೆದ ವಸ್ತು ಏನು ಕೆಲಸ ಮಾಡುತ್ತಿತ್ತು ಎಂದೂ ಹುಡುಕುತ್ತೇವೆ. ಮಿತ್ರರೇ, ಇವತ್ತು ಸಂಜೆ ನಿಮ್ಮ ಮನೆಯ ಬೈಕನ್ನೂ ಒಮ್ಮೆ ನೋಡಿ. ಅಟ್ಟದ ಮೇಲೆ ಏನಾದರೂ ಇದ್ದರೆ ಇಳಿಸಿ ಹಾಕಿಬಿಡಿ. ಸ್ಪ್ಯಾನರ್ ಬೇಕಾದರೆ ನಮ್ಮಲ್ಲಿ ಇದೆ.