ಕಡಲೊಳಗಿನ ಹೊಳೆ

ಕಡಲಿಗೂ ಇಳಿಜಾರು ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ತಟಾವಾ ಕೆಚಿಲ್ ಎಂಬ ಪುಟ್ಟ ದ್ವೀಪದ ಪಕ್ಕದಲ್ಲಿ ಅದನ್ನು ಕಣ್ಣಾರೆ ಕಂಡೆ. ಬಂಡೆಯ ಒಂದು ಮಗ್ಗುಲಲ್ಲಿ ನೀರು ಒತ್ತರಿಸಿಕೊಂಡು ಉಬ್ಬಿ ನಿಂತಿದೆ. ಇನ್ನೊಂದು ಮಗ್ಗುಲಲ್ಲಿ ಅದೇ ನೀರು ತಗ್ಗಿಗೆ ಜಾರಿ, ಬಿಳಿ ನೊರೆಯೆಬ್ಬಿಸಿ, ಸುಳಿಗಳನ್ನು ಬಿಡಿಸುತ್ತ ದಕ್ಷಿಣಕ್ಕೆ ಓಡುತ್ತಿದೆ. ಗಾಳಿಯಿಲ್ಲ, ಅಲೆಯೂ ಇಲ್ಲ. ನೆತ್ತಿಯ ಮೇಲೆ ಬಿಸಿಲು. ಆದರೂ ಸುತ್ತ ಮಳೆಗಾಲದ ಹೊಳೆಯ ಸದ್ದು.

ಇದು ಇಂಡೋನೇಷ್ಯಾದ ಕೊಮೊಡೊ ದ್ವೀಪಸಮೂಹ. ಬಾಲಿಯಿಂದ ಸುಮಾರು ಒಂದು ಗಂಟೆ ವಿಮಾನದಲ್ಲಿ ಹಾರಿದರೆ ಫ್ಲೋರೆಸ್ ದ್ವೀಪದ ಪಶ್ಚಿಮದ ತುದಿಯಲ್ಲಿ ಲಬುವಾನ್ ಬಾಜೋ ಎಂಬ ಬಂದರು ಪಟ್ಟಣ. ಅಲ್ಲಿಂದ ದೋಣಿ ಹತ್ತಬೇಕು. ಮುಂಗಾರು ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಗುಡ್ಡಗಳು ಮೊದಲಿಗೆ ಬೇಸರ ತರಿಸುತ್ತವೆ. ವರ್ಷದ ಹೆಚ್ಚಿನ ಪಾಲು ಮಳೆಯಿಲ್ಲದ ನೆಲ, ಒಣಹುಲ್ಲಿನ ಬಣ್ಣ, ಅಲ್ಲಲ್ಲಿ ಒಂಟಿ ತಾಳೆಮರ. ಇಂಥ ಬಡ ಗುಡ್ಡಗಳ ಬುಡದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಮೀನುಗಳಿವೆ ಎಂದರೆ ನಂಬುವುದು ಕಷ್ಟ. ಬದುಕೆಲ್ಲ ನೀರಿಗಿಳಿದುಬಿಟ್ಟಿದೆ. ನೆಲದ ಪಾಲಿಗೆ ಉಳಿದದ್ದು ಜಿಂಕೆ, ಕಾಡೆಮ್ಮೆ, ಮತ್ತೆ ಮೂರು ಮೀಟರ್ ಉದ್ದದ ಆ ಉಡ. ಅದರ ಕಥೆ ಆಮೇಲೆ ಬರುತ್ತದೆ.

ಕಡಲಿನ ಈ ಇಳಿಜಾರಿಗೆ ಕಾರಣ ದೂರದಲ್ಲಿದೆ. ಪೆಸಿಫಿಕ್ ಸಾಗರದ ವಾಣಿಜ್ಯ ಮಾರುತಗಳು ಬೆಚ್ಚಗಿನ ನೀರನ್ನು ವರ್ಷವಿಡೀ ಪಶ್ಚಿಮಕ್ಕೆ ತಳ್ಳುತ್ತ ಇಂಡೋನೇಷ್ಯಾದ ಬಾಗಿಲಲ್ಲಿ ಪೇರಿಸುತ್ತವೆ. ಹಾಗಾಗಿ ಆ ಬದಿಯ ನೀರಿನ ಮಟ್ಟ ಹಿಂದೂ ಮಹಾಸಾಗರದ ಮಟ್ಟಕ್ಕಿಂತ ಸ್ವಲ್ಪ ಎತ್ತರ. ದ್ವೀಪಗಳ ನಡುವಿನ ಸಂದುಗಳಿಂದ ನೀರು ಇತ್ತ ಇಳಿಯುತ್ತದೆ, ಸೆಕೆಂಡಿಗೆ ಸರಾಸರಿ ಒಂದೂವರೆ ಕೋಟಿ ಘನ ಮೀಟರ್. ಅಮೆಜಾನಿನಂಥ 70 ನದಿಗಳನ್ನು ಕೂಡಿಸಿದರೆ ಆದೀತು. ಲೊಂಬೊಕ್, ಒಂಬಾಯ್, ಟಿಮೋರ್ ದಾರಿಗಳು ದೊಡ್ಡವು; ಕೊಮೊಡೊದ ಸಂದುಗಳು ಕಿರಿದು. ಆದರೆ ಕಿರಿದಾದಷ್ಟೂ ನೀರಿಗೆ ರಭಸ ಹೆಚ್ಚು. ಇದರ ಜೊತೆಗೆ ಚಂದ್ರ ಎಳೆಯುವ ಭರತ ಇಳಿತ ಬೇರೆ. ಹೊಳೆ ದಿನಕ್ಕೆ ಹಲವು ಸಲ ದಿಕ್ಕು ಬದಲಿಸುತ್ತದೆ.

ನೀರೊಳಗೆ ಇಳಿದವರಿಗೆ ಇದನ್ನು ಓದಲು ಮೀನುಗಳೇ ಅಕ್ಷರ. ಬಾತು ಬೊಲೊಂಗ್ ಎಂಬ ಬಂಡೆಯಿದೆ. ಮೇಲೆ ದೋಣಿಯಷ್ಟೇ ಕಾಣುವ ಕಲ್ಲು, ಕೆಳಗೆ ಎಪ್ಪತ್ತು ಮೀಟರಿಗೂ ಮಿಕ್ಕಿ ಇಳಿಯುವ ಗೋಡೆ. ಸೆಳೆತಕ್ಕೆ ಬೆನ್ನು ಕೊಟ್ಟ ಮಗ್ಗುಲಲ್ಲಿ ಮಾತ್ರ, ಅತ್ತಿಂದಿತ್ತ ಅಂಕುಡೊಂಕಾಗಿ ಈಜುತ್ತ ಮೇಲೇರಬೇಕು. ಅಂಚು ದಾಟಿದರೆ ಮುಗಿಯಿತು. ಅಲ್ಲಿ ಕಿತ್ತಳೆ ಬಣ್ಣದ ಬೆರಳುದ್ದದ ಮೀನುಗಳು ಸಾವಿರಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ನೀರು ಎಲ್ಲಿಂದ ಬರುತ್ತಿದೆಯೋ ಅತ್ತಲೇ ಅವುಗಳ ಮೂತಿ. ನೋಡನೋಡುತ್ತಿದ್ದಂತೆ ಇಡೀ ಸಂತೆ ಮುಖ ತಿರುಗಿಸಿದರೆ ಕಡಲು ತಿರುಗಿತೆಂದು ಅರ್ಥ. ನಾನು ಉಸಿರಾಡುವುದನ್ನೂ ಮರೆತು ನೋಡುತ್ತಿದ್ದೆ. ಸ್ಕೂಬಾದಲ್ಲಿ ಅದು ಒಳ್ಳೆಯ ಅಭ್ಯಾಸವಲ್ಲ. ಗೈಡ್ ಬಂದು ಭುಜ ತಟ್ಟಿದ.

ಮಂಟಾ ತೊರಕೆಗಳನ್ನು ಕರಾಂಗ್ ಮಕಸ್ಸರ್‌ನಲ್ಲಿ ಕಂಡದ್ದನ್ನು ಹೇಳದೆ ಮುಂದೆ ಹೋಗಲಾರೆ. ಬರೀ ಜಲ್ಲಿಕಲ್ಲಿನಂಥ ಬೋಳು ತಳ. ಸೆಳೆತ ನಮ್ಮನ್ನು ಅದರ ಮೇಲೆ ತೇಲಿಸಿಕೊಂಡು ಹೋಗುತ್ತಿತ್ತು. ಎದುರಿನ ನೀಲಿಯಿಂದ ಮೊದಲು ಒಂದು ನೆರಳು, ಆಮೇಲೆ ಒಂದು ಬಾಯಿ, ಆಮೇಲೆ ಮೂರು ಮೀಟರಿಗೂ ಮಿಕ್ಕಿದ ಅಗಲದ ರೆಕ್ಕೆ. ನಾವು ಹಿಡಿತ ಸಿಗದೆ ಉರುಳಿಹೋಗುತ್ತಿದ್ದ ಅದೇ ನೀರಿನಲ್ಲಿ ಅದು ಕದಲದೆ ನಿಂತು, ಬಾಯಿ ತೆರೆದು, ಸೆಳೆತ ಹೊತ್ತು ತಂದ ಪ್ಲಾಂಕ್ಟನ್ನನ್ನು ಸೋಸಿ ತಿನ್ನುತ್ತಿತ್ತು. ಅದಕ್ಕೆ ಊಟ ಬಡಿಸುವ ನೀರೇ ಇಲ್ಲಿ ಮನುಷ್ಯರನ್ನು ಕಾಣೆ ಮಾಡುತ್ತದೆ.

2008ರ ಜೂನ್ 5, ಗುರುವಾರ. ಇದೇ ತಟಾವಾ ಕೆಚಿಲ್ ಬಳಿ ಐವರು ನೀರಿಗಿಳಿದರು. ಮೂವರು ಬ್ರಿಟನ್ನಿನವರು, ಒಬ್ಬ ಫ್ರಾನ್ಸಿನವ, ಒಬ್ಬಾಕೆ ಸ್ವೀಡನ್ನಿನವಳು. ಅವರಲ್ಲಿ ಡೈವಿಂಗನ್ನೇ ಕಸುಬಾಗಿಸಿಕೊಂಡವರೂ ಇದ್ದರು. ಮೇಲೆದ್ದಾಗ ದೋಣಿ ಅವರಿಗೆ ಸಿಗಲಿಲ್ಲ, ಅವರು ದೋಣಿಗೆ ಸಿಗಲಿಲ್ಲ. ಸೆಳೆತ ದಕ್ಷಿಣಕ್ಕೆ ಎಳೆಯಿತು. ಚದುರಿಹೋಗದಂತೆ ಒಬ್ಬರಿಗೊಬ್ಬರು ಜಾಕೆಟ್ಟುಗಳನ್ನು ಬಿಗಿದುಕೊಂಡರು. ಕತ್ತಲಾಯಿತು. ಎದುರಿಗೆ ದ್ವೀಪಗಳು ಬರುತ್ತವೆ, ಪಕ್ಕಕ್ಕೆ ಸರಿದು ಹೋಗುತ್ತವೆ. ರಿಂಚಾ ದ್ವೀಪವೂ ತಪ್ಪಿದರೆ ಮುಂದೆ ಸುಂಬಾ ಜಲಸಂಧಿ, ಅದರಾಚೆಗೆ ಬಯಲು ಸಾಗರ. ಹತ್ತಿರ ಹತ್ತಿರ ಹತ್ತು ಗಂಟೆ ನೀರಲ್ಲಿ ಕಳೆದು, ರಾತ್ರಿಯಲ್ಲಿ ಹೇಗೋ ಈಜಿ ರಿಂಚಾದ ಒಂದು ಒಂಟಿ ತೀರ ಮುಟ್ಟಿದರು.

ರಿಂಚಾ ಎಂದರೆ ಕೊಮೊಡೊ ಡ್ರ್ಯಾಗನ್‌ಗಳ ಮನೆ. 1912ರಲ್ಲಿ ವಿಜ್ಞಾನದ ಪುಸ್ತಕ ಸೇರಿದ, ಜಗತ್ತಿನ ಅತಿ ದೊಡ್ಡ ಹಲ್ಲಿ. ಕುಡಿಯಲು ನೀರಿಲ್ಲದೆ, ಬಂಡೆಗೆ ಅಂಟಿದ ಚಿಪ್ಪಿಗಳನ್ನು ಕೆರೆದು ತಿನ್ನುತ್ತಿದ್ದ ಈ ಐವರ ಹತ್ತಿರ ಒಂದು ಡ್ರ್ಯಾಗನ್ ಬಂದೇಬಿಟ್ಟಿತು. ಕಲ್ಲು ಬೀರಿ ಓಡಿಸಿದರು. ಶನಿವಾರ, ಜೂನ್ 7ರಂದು ಹುಡುಕುವವರ ಕಣ್ಣಿಗೆ ಬಿದ್ದರು. ಐವರೂ ಬದುಕಿದ್ದರು. ಆಗ ಪತ್ರಿಕೆಗಳೆಲ್ಲ ಬರೆದದ್ದು ಡ್ರ್ಯಾಗನ್ ಬಗ್ಗೆಯೇ. ನನಗೆ ಅದಕ್ಕಿಂತ ದೊಡ್ಡ ಅಚ್ಚರಿ, ಇಷ್ಟು ನೀರಿನಲ್ಲಿ ಅವರನ್ನು ಹುಡುಕಿ ತೆಗೆದದ್ದು.

ಯಾಕೆಂದರೆ ಲೆಕ್ಕ ಹಾಕಿದರೆ ಆಸೆ ಉಳಿಯುವುದಿಲ್ಲ. ಜಗತ್ತಿನ ಅತಿ ವೇಗದ ಈಜುಗಾರ 50 ಮೀಟರನ್ನು 21 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾನೆ, ಗಂಟೆಗೆ ಎಂಟೂವರೆ ಕಿ.ಮೀ. ಇಲ್ಲಿನ ಸೆಳೆತ ಐದು ನಾಟ್ ಮುಟ್ಟಿದ ದಿನ ಗಂಟೆಗೆ ಒಂಬತ್ತು ಕಿ.ಮೀ. ದಾಟಿರುತ್ತದೆ. ಅವನೂ ಹಿಂದಕ್ಕೇ ಹೋಗಬೇಕು, ಅದೂ ಸಿಲಿಂಡರ್ ಇಲ್ಲದೆ. ನೀರಿನಲ್ಲಿ ತೇಲುವವನ ಕಣ್ಣು ಮೇಲ್ಮೈಯಿಂದ ಒಂದು ಗೇಣು ಎತ್ತರದಲ್ಲಿರುತ್ತದೆ. ಅವನ ದಿಗಂತ ಎರಡು ಕಿ.ಮೀ. ಕೂಡ ಇಲ್ಲ. ದೋಣಿಯವರಿಗೆ ಅವನು ತೇಲಿಬಂದ ತೆಂಗಿನಕಾಯಿಯಷ್ಟೇ ಕಾಣುತ್ತಾನೆ, ಸಣ್ಣ ಅಲೆಯೆದ್ದರೆ ಕೆಲವೇ ನೂರು ಮೀಟರಿನಿಂದ ಅದೂ ಇಲ್ಲ. ಗಂಟೆಗೆ ಐದು ಕಿ.ಮೀ.ನಂತೆ ಯಾವ ದಿಕ್ಕಿಗಾದರೂ ಹೋಗಿರಬಹುದು ಎಂದುಕೊಂಡರೆ ಮೊದಲ ಗಂಟೆಯಲ್ಲಿ ಹುಡುಕಬೇಕಾದ ಜಾಗ ಸುಮಾರು 80 ಚದರ ಕಿ.ಮೀ. ಮೂರು ಗಂಟೆ ಕಳೆದರೆ 700 ದಾಟುತ್ತದೆ. ಕಾಲ ಮೂರು ಪಟ್ಟಾದರೆ ಕಡಲು ಒಂಬತ್ತು ಪಟ್ಟಾಗುತ್ತದೆ.

ನಮ್ಮ ದೋಣಿಯ ತಾಂಡೇಲ ಈ ಲೆಕ್ಕ ಕೇಳಿ ತಲೆಯಾಡಿಸಿದ. ಐವತ್ತು ದಾಟಿದ, ಬಾಜೋ ಎಂಬ ಕಡಲ ಜನಾಂಗದ ಮನುಷ್ಯ. ಎಲ್ಲರೂ ಅವನನ್ನು ‘ಪಾಕ್’ ಎನ್ನುತ್ತಿದ್ದರು, ಹಿರಿಯರಿಗೆ ಕೊಡುವ ಗೌರವ. ಗೈಡ್ ಅವನ ಮಾತನ್ನು ತಿಳಿಸಿಹೇಳಿದ: “ಯಾವ ದಿಕ್ಕಿಗಾದರೂ ಯಾಕೆ ಹೋಗುತ್ತಾನೆ? ನೀರು ಹೋದ ಕಡೆಗೇ ಹೋಗುತ್ತಾನೆ.”

ಅವನು ಹೇಳಿದ ಕ್ರಮ ಹೀಗೆ. ಡೈವರ್ ಏಳಬೇಕಾದ ಹೊತ್ತಿಗೆ ಏಳದಿದ್ದರೆ ಮೊದಲು ಗಡಿಯಾರ ನೋಡು, ಆಮೇಲೆ ನೀರು. ಆ ಗಳಿಗೆಯಲ್ಲಿ ಸೆಳೆತ ಎತ್ತ ಇತ್ತು, ಇನ್ನೆಷ್ಟು ಹೊತ್ತಿಗೆ ತಿರುಗುತ್ತದೆ. ಅವನು ಇಳಿದ ಜಾಗದಲ್ಲಿ ತೇಲುವುದೇನನ್ನಾದರೂ ಎಸೆದು ಅದರ ಹಿಂದೆ ಹೋಗು. ರಕ್ಷಣಾ ಪಡೆಗಳೂ ಇದನ್ನೇ ಮಾಡುತ್ತವೆ. ಅವರದು ಉಪಗ್ರಹಕ್ಕೆ ಸಂಕೇತ ಕಳಿಸುವ ತೇಲುಬುರುಡೆ, ಇವನದು ಖಾಲಿ ಡಬ್ಬಿ. ರೇಡಿಯೋದಲ್ಲಿ ಕೂಗಿದ ಕೂಡಲೇ ಸುತ್ತಲಿನ ಡೈವಿಂಗ್ ದೋಣಿಗಳು ತಮ್ಮವರನ್ನು ಮೇಲೆತ್ತಿಕೊಂಡು ಬರುತ್ತವೆ. ಬೆಳಿಗ್ಗೆ ಗಿರಾಕಿಗಾಗಿ ಕಿತ್ತಾಡಿದವರೇ ಸಾಲಾಗಿ ನಿಂತು ಕಡಲನ್ನು ಹಂಚಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಬಂದ ಪ್ರವಾಸಿಗರೂ ಮಾಡು ಹತ್ತಬೇಕು, ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಕೊಟ್ಟ ದಿಕ್ಕು ಬಿಟ್ಟು ಬೇರೆಡೆ ಕಣ್ಣು ಹಾಯಿಸುವಂತಿಲ್ಲ. ನಡುನಡುವೆ ಎಂಜಿನ್ ನಿಲ್ಲಿಸಿ ಕಿವಿಗೊಡಬೇಕು, ಸಿಳ್ಳೆ ಕೇಳಬಹುದು. ಬಲೆ ಹಾಕಿದ ಮೀನುಗಾರರಿಗೂ ಸುದ್ದಿ ಮುಟ್ಟಿಸಬೇಕು. ಕಪ್ಪು ರಬ್ಬರ್ ಉಡುಪಿನ ತಲೆಯನ್ನು ಅವರಷ್ಟು ಬೇಗ ಯಾರೂ ಗುರುತಿಸುವುದಿಲ್ಲವಂತೆ. ಅಲೆಯ ಮೇಲೆ ಅಲೆಯಲ್ಲದ್ದನ್ನು ಹುಡುಕುವುದೇ ಅವರ ದಿನದ ದುಡಿಮೆ.

ಬಾಜೋ ಜನರ ಬಗ್ಗೆ ಓದಿಕೊಂಡು ಹೋಗಿದ್ದೆ. ತಲೆಮಾರುಗಳಿಂದ ದೋಣಿಯಲ್ಲೇ ಹುಟ್ಟಿ ಬಾಳಿದ ಅಲೆಮಾರಿಗಳು. ಮರದ ಚೌಕಟ್ಟಿನ ಕನ್ನಡಕ ಹಾಕಿ, ಒಂದೇ ಉಸಿರಿಗೆ ಆಳಕ್ಕಿಳಿದು ಮೀನು ತಿವಿದು ತರುವವರು. 2018ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಮೆಲಿಸ್ಸಾ ಇಲಾರ್ಡೊ ಮತ್ತು ಸಂಗಡಿಗರ ಅಧ್ಯಯನ ಸುಲವೇಸಿಯ ಬಾಜೋಗಳ ಗುಲ್ಮವನ್ನು ಅಳೆದು ನೋಡಿತು. ನೆರೆಯ ಸಾಲುವಾನ್ ಜನರದ್ದಕ್ಕಿಂತ ಅದು ಸುಮಾರು ಅರ್ಧದಷ್ಟು ದೊಡ್ಡದು, ಡೈವ್ ಮಾಡದ ಬಾಜೋಗಳಲ್ಲೂ ದೊಡ್ಡದು. ಉಸಿರು ಕಟ್ಟಿದಾಗ ಗುಲ್ಮ ಕುಗ್ಗಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನು ಮೈಗೆ ಬಿಡುತ್ತದೆ. ಅಂದರೆ ಕಡಲು ಈ ಜನರ ವಂಶವಾಹಿಯೊಳಗೇ ಕೈಯಾಡಿಸಿದೆ! ಇದನ್ನು ತಾಂಡೇಲನಿಗೆ ಸಂಭ್ರಮದಿಂದ ಹೇಳಿದೆ. ಅವನು ತನ್ನ ಹೊಟ್ಟೆ ತಟ್ಟಿ, ಇಲ್ಲಿ ದೊಡ್ಡದಾಗಿರುವುದು ಅನ್ನದಿಂದ ಎಂದ.

ಎಲ್ಲ ಹುಡುಕಾಟವೂ ರಿಂಚಾದಂತೆ ಮುಗಿಯುವುದಿಲ್ಲ. 2014ರ ಫೆಬ್ರುವರಿಯಲ್ಲಿ ಬಾಲಿಯ ಪಕ್ಕದ ನುಸಾ ಲೆಂಬೊಂಗನ್ ಬಳಿ ಏಳು ಮಂದಿ ಜಪಾನಿ ಮಹಿಳೆಯರು ಡೈವ್‌ಗೆ ಇಳಿದು ಮಳೆಗಾಳಿಯಲ್ಲಿ ಕಾಣೆಯಾದರು. ದಿನಗಳ ನಂತರ ಐವರು ನುಸಾ ಪೆನಿಡಾದ ಬಳಿ ಬದುಕಿರುವುದು ಕಂಡಿತು. ಇಬ್ಬರು ಮರಳಲಿಲ್ಲ.

ತಾಂಡೇಲನೊಡನೆ ಮಾತಾಡುತ್ತಿದ್ದ ಆ ಸಂಜೆ ನನಗೆ ನಮ್ಮ ಮಲ್ಪೆ ನೆನಪಾಗದಿರಲು ಸಾಧ್ಯವಿರಲಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರನ್ನು ಹೊತ್ತು ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡೇ ದಿನದಲ್ಲಿ ಸಂಪರ್ಕ ಕಡಿದುಕೊಂಡಿತು. ಹುಡುಕಿಕೊಡಿ ಎಂದು ಕರಾವಳಿಯ ಮೀನುಗಾರರು ಹೆದ್ದಾರಿಗಿಳಿದರು. ನೌಕಾಪಡೆಯ ಡೈವಿಂಗ್ ಹಡಗು ‘ನಿರೀಕ್ಷಕ್’ ಮಹಾರಾಷ್ಟ್ರದ ಮಾಲ್ವಣದಾಚೆ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಇದನ್ನೆಲ್ಲ ಹೇಳಿ ಮುಗಿಸಿದಾಗ ತಾಂಡೇಲ ಮರುಕದ ಮಾತೇನೂ ಆಡಲಿಲ್ಲ. ಆ ರಾತ್ರಿ ಗಾಳಿ ಯಾವ ಕಡೆಯದು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಬೋಟಿನ ಅಗಲ ಕೇಳಿದ. ಬಂದರಿನ ಹತ್ತಿರದವರ ಬಾಯಲ್ಲಿ ಬರುವ ಪ್ರಶ್ನೆಗಳೇ ಇವು. ಟಿವಿಯಲ್ಲಿ ಸುದ್ದಿ ನೋಡಿದ ನನ್ನಂಥವರಿಗೆ ತೋಚುವುದಿಲ್ಲ.

ಮರುದಿನ ಬೆಳಿಗ್ಗೆ ನೀರಿಗಿಳಿಯುವ ಮೊದಲು ಎಲ್ಲರಿಗೂ ಒಂದು ಸಿಳ್ಳೆ, ಮಡಿಸಿಟ್ಟ ಒಂದು ಕಿತ್ತಳೆ ಕೊಳವೆ ಕೊಟ್ಟರು. ಗಾಳಿ ತುಂಬಿದರೆ ಕೊಳವೆ ಆಳೆತ್ತರಕ್ಕೆ ನಿಲ್ಲುತ್ತದೆ. ದೂರದಿಂದ ಕಾಣುವುದು ಅದೊಂದೇ. ತಪಾಸಣೆ ಎಷ್ಟು ಕಟ್ಟುನಿಟ್ಟೆಂದರೆ ನನ್ನ ಕೊಳವೆಯನ್ನು ನನ್ನಿಂದಲೇ ಎರಡು ಸಲ ಬಿಚ್ಚಿಸಿ ಮಡಚಿಸಿದರು. ಗೈಡ್ ಮುಖಕ್ಕೆ ಮಾಸ್ಕ್ ಹಾಕಿ, ಹಗ್ಗ ಹಿಡಿದು, ಬಾತು ಬೊಲೊಂಗ್ ಪಕ್ಕದಲ್ಲಿ ನೀರಿಗೆ ಧುಮುಕಿ ಇಣುಕಿದ. ಹಗ್ಗ ಬಿಗಿದು ನೆಟ್ಟಗಾಯಿತು. ಮೀನುಗಳು ಆಗಲೇ ತಿರುಗಿಬಿಟ್ಟಿದ್ದವು. ಇಂದು ಇಲ್ಲಿ ಬೇಡ, ಸಿಯಾಬಾ ದ್ವೀಪಕ್ಕೆ ಹೋಗಿ ಆಮೆ ನೋಡೋಣ ಎಂದ ತಾಂಡೇಲ.

ದೋಣಿಯಲ್ಲಿ ಗೊಣಗಾಟ ಎದ್ದಿತು. ಅರ್ಧ ಭೂಮಿ ದಾಟಿ ಬಂದದ್ದು ಆಮೆ ನೋಡಲಿಕ್ಕಲ್ಲ ಎಂದು ಜರ್ಮನಿಯ ತರುಣನೊಬ್ಬ, ತಮಾಷೆಗೇ ಇರಬೇಕು, ಕೊಟ್ಟ ಸಿಳ್ಳೆಯನ್ನು ಜೋರಾಗಿ ಊದಿದ. ದೂರದಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದ ಎರಡು ದೋಣಿಗಳು ಎಂಜಿನ್ ತಗ್ಗಿಸಿ ನಮ್ಮತ್ತ ಮೂತಿ ತಿರುಗಿಸಿದವು. ಒಂದರ ಮಾಡಿನ ಮೇಲೆ ಜನ ಹತ್ತುವುದೂ ಕಾಣಿಸಿತು. ತಾಂಡೇಲ ಅವನ ಕೈಯಿಂದ ಸಿಳ್ಳೆ ಕಿತ್ತುಕೊಂಡು, ಭಾಷೆ ಬಾರದವರಿಗೂ ಅರ್ಥವಾಗುವಂತೆ ಬೈದು, ರೇಡಿಯೋ ಎತ್ತಿಕೊಂಡು ಎರಡೂ ದೋಣಿಗಳವರ ಕ್ಷಮೆ ಕೇಳಿದ.